ಡ್ವೇನ್ ಒತ್ತಿದ ಬ್ರೇಕು

ನನ್ನ ಎಡದವಡೆಯೊಳಗೆ ಒಂದು ಲೋಹದ ಪಟ್ಟಿ ಇದೆ. ನಾಲ್ಕು ತಿರುಪು ಹಾಕಿ ಕೂರಿಸಿದ್ದಾರೆ. ಜನವರಿಯಲ್ಲಿ ಡೆಟ್ರಾಯಿಟ್ ನದಿಯ ಮೇಲಿಂದ ಗಾಳಿ ಬೀಸಿತೆಂದರೆ ಅದು ಹಲ್ಲಿನ ಬೇರಿನವರೆಗೂ ಕೊರೆಯುತ್ತದೆ. ನನ್ನ ಅಣ್ಣ ಡ್ವೇನ್ ಪ್ರೂಸಾಕ್ ಕೊಟ್ಟ ಉಡುಗೊರೆ ಅದು. ನನಗಾಗ ಹದಿನಾರು. ಅವನ ಸ್ಪ್ಯಾನರನ್ನು ಕೇಳದೆ ಮುಟ್ಟಿದ್ದೆ, ಅದೇ ಸ್ಪ್ಯಾನರಿನಲ್ಲೇ ಬಾರಿಸಿದ.

ವಯಾಂಡಾಟ್ ಊರಿನಲ್ಲಿ ನನ್ನ ವಾರಿಗೆಯ ಗಂಡಸರ ಪೈಕಿ ಡ್ವೇನನ ಮುಷ್ಟಿಯ ರುಚಿ ನೋಡದವರು ಕಡಿಮೆ. ಹೆಂಗಸರ ಮೇಲೆ ಕೈ ಎತ್ತಿದವನಲ್ಲ. ಆದರೂ ಇಬ್ಬರು ಹೆಂಡತಿಯರು ಬಿಟ್ಟುಹೋದರು. ದಿನಾ ಗೋಡೆಗೆ ಗುದ್ದುವವನ ಜೊತೆ ಎಷ್ಟು ವರ್ಷ ಅಂತ ಬಾಳುತ್ತಾರೆ? ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಕಾರಿನ ಬಾಗಿಲುಗಳನ್ನು ಬೆಸೆದ. ಅಲ್ಲಿಗೆ ಹೋಗಿಬರುತ್ತಿದ್ದದ್ದು ಮಾತ್ರ ಸೈಕಲ್ಲಿನಲ್ಲಿ, ಹಿಮ ಬಿದ್ದರೆ ಕಾಲ್ನಡಿಗೆಯಲ್ಲಿ. ನಮ್ಮ ಕಡೆ ಕಾರು ಓಡಿಸದ ಗಂಡಸೆಂದರೆ ನಾಲ್ಕು ಜನ ನಗುತ್ತಾರೆ. ಒಮ್ಮೆ ಪೋಲಿಷ್ ಕ್ಲಬ್ಬಿನ ಬಾರಿನಲ್ಲಿ ವರ್ನ್ ಎಂಬ ಲಾರಿ ಡ್ರೈವರ್ ಕೆಣಕಿದ: "ಏನ್ ಡ್ವೇನ್, ಸೈಕಲ್ಲಿಗೆ ರಿಬ್ಬನ್ ಕಟ್ಸೋದು ಯಾವಾಗ?" ಅಂದ. ಮರುಕ್ಷಣ ಬಿಯರ್ ಲೋಟ ಅವನ ಕಿವಿಯ ಮೇಲೆ ಒಡೆಯಿತು. ಹನ್ನೊಂದು ಹೊಲಿಗೆ ಬಿದ್ದವು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅವನು ಯಾಕೆ ಓಡಿಸುತ್ತಿರಲಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಅಕ್ಟೋಬರ್, ಒಂದು ಭಾನುವಾರದ ಬೆಳಿಗ್ಗೆ. ನಮ್ಮಪ್ಪ ಕ್ಯಾಸಿಮಿರ್ ಹಿಂದಿನ ದಿನ ತನ್ನ ಅರವತ್ತೆಂಟರ ಮಾದರಿಯ ಶೆವೆಲ್ ಕಾರನ್ನು ಕಾಲು ಮೈಲಿ ಓಟದಲ್ಲಿ ಓಡಿಸಿ ಗೆದ್ದು, ಗೆದ್ದದ್ದಕ್ಕೆ ಕುಡಿದು, ಎಚ್ಚರವಿಲ್ಲದೆ ಬಿದ್ದಿದ್ದ. ಅಮ್ಮ ಚರ್ಚಿಗೆ ಹೊರಟಿದ್ದಳು. "ಕೀ ತಗೊಂಡು ನೀನೇ ಬಿಟ್ಟು ಬಾರೋ, ನನ್ ತಲೆ ತಿನ್ಬೇಡ" ಎಂದು ಅಪ್ಪ ಹಾಸಿಗೆಯಿಂದಲೇ ಅಣ್ಣನನ್ನು ಗದರಿದ. ಡ್ವೇನನಿಗೆ ಹದಿನೇಳು. ಯುರೇಕಾ ರಸ್ತೆಯ ಕೆಂಪು ದೀಪದಲ್ಲಿ ಕಾರು ನಿಲ್ಲಲಿಲ್ಲ. ಅಡ್ಡ ಬಂದ ಜಲ್ಲಿ ಲಾರಿ ಅಮ್ಮ ಕೂತಿದ್ದ ಕಡೆಗೇ ಗುದ್ದಿತು.

ಹುಡುಗ ವೇಗವಾಗಿ ಓಡಿಸಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು, ಕಾರನ್ನು ಯಾರೂ ಬಿಚ್ಚಿ ನೋಡಲಿಲ್ಲ. ಶವಪೆಟ್ಟಿಗೆಯ ಪಕ್ಕದಲ್ಲಿ ಡ್ವೇನ್ ಒಂದೇ ಒಂದು ಸಲ, "ಒತ್ತಿದ್ದೆ ಅಪ್ಪಾ, ಬ್ರೇಕು ಒತ್ತಿದ್ದೆ" ಅಂದ. ಪಾದ್ರಿಯ ಎದುರಿಗೇ ಅಪ್ಪ ಅವನ ಬಾಯಿಗೆ ಹೊಡೆದ. ಬಿಳಿ ಅಂಗಿಯ ಮೇಲೆ ರಕ್ತ ಸುರಿಸಿಕೊಂಡೇ ಅವನು ಅಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಟ. ಆಮೇಲೆ ಪ್ರತಿ ವರ್ಷ ಆ ದಿನ ಬಂದಾಗ ಅಪ್ಪ ಗ್ಯಾರೇಜಿನ ಬಾಗಿಲು ಹಾಕಿ, ಹಳೆಯ ಫ್ಯಾನ್ ಬೆಲ್ಟು ತೆಗೆದುಕೊಂಡು ಅವನನ್ನು ಬಾರಿಸುತ್ತಿದ್ದ. ಅವನು ಇಪ್ಪತ್ತಮೂರರಲ್ಲಿ ಮನೆ ಬಿಡುವವರೆಗೂ ಇದು ನಡೆಯಿತು. ಅಪ್ಪನಿಗಿಂತ ಒಂದು ಅಡಿ ಎತ್ತರ ಬೆಳೆದಿದ್ದರೂ ಅವನು ಕೈ ಅಡ್ಡ ಹಿಡಿದು ತಲೆ ತಗ್ಗಿಸಿ ಏಟು ತಿನ್ನುತ್ತಿದ್ದ. ತಿಂದದ್ದನ್ನು ನನಗೆ ಹಂಚುತ್ತಿದ್ದ. ಅಪ್ಪ ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದ. ಎದುರಿಗೆ ಬಂದರೆ, "ಬಂದ್ರಾ ಡ್ರೈವರ್ ಸಾಹೇಬ್ರು" ಅನ್ನುತ್ತಿದ್ದ, ಅಷ್ಟೇ.

ಅಪ್ಪ ಶೆವೆಲ್‌ಗೆ ಹೊಸ ಬಾಗಿಲು ಕೂರಿಸಿ, ಬಣ್ಣ ಬಳಿದು, ಮೇಲೆ ಹೊದಿಕೆ ಎಳೆದು ಗ್ಯಾರೇಜಿನಲ್ಲಿ ನಿಲ್ಲಿಸಿದ. ಮತ್ತೆ ಓಡಿಸಲಿಲ್ಲ. ಡ್ವೇನ್ ಭಾನುವಾರ ಭಾನುವಾರ ಬಂದು ಹೊದಿಕೆ ಸರಿಸಿ ಅದರ ಬಂಪರು ಉಜ್ಜಿ ಹೋಗುತ್ತಿದ್ದ. ಒಳಗೆ ಮಾತ್ರ ಕೂರುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು.

ಎಂಬತ್ತೆರಡನೆಯ ವಯಸ್ಸಿನಲ್ಲಿ ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತುಬಿಟ್ಟ. ಮದುವೆಯಾಗದೆ ಅದೇ ಮನೆಯಲ್ಲಿ ಉಳಿದವನು ನಾನು. ಕಾರನ್ನು ನನ್ನ ಹೆಸರಿಗೆ ಬರೆದುಕೊಟ್ಟ. "ಆ ಡ್ರೈವರ್ ಕೈಗೆ ಸಿಗಬಾರದು, ನೋಡ್ಕೋ" ಅಂದ.

ನಾನು ಗೇರ್‌ಬಾಕ್ಸ್ ರಿಪೇರಿಯವನು. ಕೈ ಸುಮ್ಮನಿರಲಿಲ್ಲ. ಹಳೆಯ ಮೈಗೆ ಹೊಸ ಜೀವ ತುಂಬಬೇಕೆಂಬ ಚಪಲ ನಮ್ಮೂರಿನ ಪ್ರತಿ ಗ್ಯಾರೇಜಿನಲ್ಲೂ ಇದೆ. ಅಪಘಾತವಾದ ಹೊಸ ಕಾರೊಂದರಿಂದ ಅಲ್ಯೂಮಿನಿಯಂ ಎಂಜಿನ್ ಎತ್ತಿ ತಂದೆ. ಅಪ್ಪನ ಎಂಜಿನ್ನಿಗಿಂತ ಹಗುರ, ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಅದನ್ನು ಆಳಲು ಪುಟ್ಟ ಕಂಪ್ಯೂಟರು, ಆರು ಗೇರಿನ ಪೆಟ್ಟಿಗೆ, ಹೊಸ ಸ್ಪ್ರಿಂಗುಗಳು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಹಳೆಯ ಎಂಜಿನ್ ಕೆಳಗಿಳಿಸುವಾಗ ಅಪ್ಪ ಕಿಟಕಿಯಿಂದ ಕೂಗಿದ: "ಬಟ್ಟೆ ಒಗೆಯೋ ಯಂತ್ರ ಕೂರಿಸ್ತಾ ಇದೀಯೇನೋ ನಾರ್ಬ್? ಅದ್ರಲ್ಲಿ ನಂಬರಿದೆ, ಕಾರಿನ ನಂಬರಿಗೆ ತಾಳೆ ಆಗತ್ತೆ! ಗೀರು ಬಿದ್ರೆ ನಿನ್ ಕೈ ಮುರೀತೀನಿ!" ಹುಟ್ಟಿದಾಗಿನ ಎಂಜಿನ್ನೇ ಇರುವ ಕಾರೆಂದರೆ ನಮ್ಮವರಿಗೆ ದೇವರು. ನಾನು ಅದನ್ನು ಜೋಪಾನವಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ.

ಆಮೇಲೆ ಮುಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನು ಕಳಚಿದೆ. ನನ್ನ ಕೈ ಅಲ್ಲೇ ನಿಂತಿತು.

ಹಳೆಯ ಡ್ರಮ್ ಬ್ರೇಕಿನೊಳಗೆ ಒಂದು ಹಲ್ಲುಗಾಲಿ ಇರುತ್ತದೆ. ಅದನ್ನು ಒಂದು ಕಡೆಗೆ ತಿರುಗಿಸಿದರೆ ಬ್ರೇಕಿನ ಪಟ್ಟಿಗಳು ಡ್ರಮ್ಮಿಗೆ ಹತ್ತಿರವಾಗುತ್ತವೆ, ಇನ್ನೊಂದು ಕಡೆಗೆ ತಿರುಗಿಸಿದರೆ ದೂರ ಸರಿಯುತ್ತವೆ. ಶನಿವಾರದ ಓಟಗಾರರ ಹಳೆಯ ಚಾಳಿ ಒಂದಿತ್ತು. ಮುಂದಿನ ಚಕ್ರ ಸಲೀಸಾಗಿ ಉರುಳಲಿ ಎಂದು ಮುಂಬದಿಯ ಪಟ್ಟಿಗಳನ್ನು ಪೂರ್ತಿ ಸಡಿಲಿಸಿ ಓಡುತ್ತಿದ್ದರು. ಪಟ್ಟಿಗಳನ್ನು ತಾವಾಗಿಯೇ ಮತ್ತೆ ಬಿಗಿಯುವ ಪುಟ್ಟ ಸನ್ನೆಕೋಲುಗಳನ್ನೂ ಬಿಚ್ಚಿಡುತ್ತಿದ್ದರು. ಓಟ ಮುಗಿದ ಮೇಲೆ, ಮನೆಗೆ ಹೊರಡುವ ಮುಂಚೆ, ಎಲ್ಲವನ್ನೂ ಮೊದಲಿನಂತೆ ಬಿಗಿಯಬೇಕು. ಇಲ್ಲದಿದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಮುಂದಿನ ಚಕ್ರ ನಿಲ್ಲುವುದಿಲ್ಲ.

ಎರಡೂ ಕಡೆಯ ಹಲ್ಲುಗಾಲಿಗಳು ಕೊನೆಯವರೆಗೆ ಸಡಿಲವಾಗಿದ್ದವು. ಸನ್ನೆಕೋಲುಗಳಿರಲಿಲ್ಲ. ಶೆಲ್ಫಿನ ಮೇಲಿನ ಕಾಫಿ ಡಬ್ಬಿಯಲ್ಲಿ ಅವು ಸಿಕ್ಕವು, ತಂತಿಯಲ್ಲಿ ಕಟ್ಟಿ ಚೀಟಿ ಅಂಟಿಸಿತ್ತು. "ಮುಂದಿನದು, ಶನಿವಾರ" ಎಂದು ಅಪ್ಪನ ಅಕ್ಷರ.

ನಾನು ಆ ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಕೂತೆ. ಡ್ವೇನನಿಗೆ ಹೇಳಿದರೆ ಅಪ್ಪನನ್ನು ಕೊಲ್ಲುತ್ತಾನೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೇಳದಿದ್ದರೆ ಅವನು ಸಾಯುವವರೆಗೂ ಅಮ್ಮನನ್ನು ಕೊಂದವನಾಗಿಯೇ ಉಳಿಯುತ್ತಾನೆ. ಮೂರು ದಿನ ಬ್ರೇಕುಗಳ ಮೇಲೆ ಚಿಂದಿ ಹೊದಿಸಿ ಮುಚ್ಚಿಟ್ಟೆ. ಅಪ್ಪನಿಗೆ ಸೂಪು ಬಡಿಸುವಾಗ ಆ ಬಟ್ಟಲನ್ನು ಅವನ ಮುಖಕ್ಕೇ ಸುರಿಯಬೇಕು ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಡ್ವೇನ್ ಬಂದ. ಎಂಜಿನ್ ಕೆಳಗಿಳಿದ ಸುದ್ದಿ ಯಾರೋ ಮುಟ್ಟಿಸಿದ್ದರು. ಸೈಕಲ್ಲನ್ನು ಅಂಗಳಕ್ಕೆಸೆದು ಒಳನುಗ್ಗಿದ, ಮೂಲೆಯಲ್ಲಿದ್ದ ಹತ್ತು ಪೌಂಡಿನ ಸುತ್ತಿಗೆ ಎತ್ತಿದ.

"ಯಾರನ್ ಕೇಳಿ ಬಿಚ್ಚಿದೆಯೋ?"

"ನನ್ನ ಕಾರು, ನನ್ನ ಇಷ್ಟ."

"ಅಮ್ಮ ಕೂತಿದ್ದ ಕಾರು ಕಣೋ ಅದು! ಅದನ್ನ ಆಟದ ಸಾಮಾನು ಮಾಡ್ತೀಯಾ ನಾಯಿ?"

ಸುತ್ತಿಗೆ ಬೀಸಿದ. ನನ್ನ ಹೊಸ ಎಂಜಿನ್ನಿನ ಮೇಲ್ಮುಚ್ಚಳ ಚೂರುಚೂರಾಯಿತು. ನಾನು ಅವನ ಸೊಂಟಕ್ಕೆ ಬಿದ್ದೆ. ಇಬ್ಬರೂ ಉಪಕರಣಗಳ ಮೇಜಿನ ಮೇಲೆ ಉರುಳಿದೆವು. ಅವನ ಮೊಣಕೈ ನನ್ನ ಮೂಗು ಮುರಿಯಿತು, ನಾನು ಅವನ ಹುಬ್ಬನ್ನು ಸ್ಪ್ಯಾನರಿನಿಂದ ಸೀಳಿದೆ. ನಲವತ್ತನಾಲ್ಕರ ತಮ್ಮ, ಐವತ್ತೊಂದರ ಅಣ್ಣ, ಬೀದಿ ನಾಯಿಗಳಂತೆ ಕಚ್ಚಾಡುತ್ತಿದ್ದೆವು. ನನ್ನ ಕತ್ತು ಅವನ ಕೈಯಲ್ಲಿ ಸಿಕ್ಕು ಕಣ್ಣಿಗೆ ಕತ್ತಲೆ ಬರುವಾಗ ನಾನು ಕಿರುಚಿದೆ. ಒಳ್ಳೆಯತನಕ್ಕೆ ಹೇಳಿದೆ ಅಂತ ಯಾರೂ ತಿಳಿಯುವುದು ಬೇಡ. ಅವನಿಗೆ ನೋಯಲಿ ಎಂದೇ ಹೇಳಿದೆ.

"ನೀನಲ್ಲ ಕಣೋ ಕತ್ತೆ! ಅವಳನ್ನ ಕೊಂದಿದ್ದು ನೀನಲ್ಲ! ಹೋಗ್ ನೋಡು ಮುಂದಿನ ಬ್ರೇಕು!"

ಅವನ ಕೈ ಸಡಿಲವಾಯಿತು. ತೆವಳಿಕೊಂಡು ಹೋಗಿ ಚಿಂದಿ ಸರಿಸಿದ. ನಾನು ಏನನ್ನೂ ವಿವರಿಸಬೇಕಾಗಿರಲಿಲ್ಲ. ಆ ಬೀದಿಯಲ್ಲಿ ಬೆಳೆದ ಯಾವ ಹುಡುಗನಿಗಾದರೂ ಅದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಹೆಬ್ಬೆರಳಿನಿಂದ ಹಲ್ಲುಗಾಲಿಯನ್ನು ಮುಟ್ಟಿದ. ಇನ್ನೊಂದು ಚಕ್ರಕ್ಕೆ ಹೋಗಿ ಅಲ್ಲಿಯೂ ಮುಟ್ಟಿದ. ನಾನು ಕಾಫಿ ಡಬ್ಬಿಯನ್ನು ಅವನ ಕಡೆಗೆ ತಳ್ಳಿದೆ. ಚೀಟಿ ಓದಿದ. ಹುಬ್ಬಿನ ರಕ್ತ ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಸುತ್ತಿಗೆ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದ.

ನಾನು ಹಿಂದೆ ಓಡಿದೆ, ತಡೆಯಲು ಹೋಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಪ್ಪ ಸಾಸೇಜು ಕತ್ತರಿಸಿಕೊಂಡು ತಿನ್ನುತ್ತಿದ್ದ. ತಲೆ ಎತ್ತದೆಯೇ, "ಬಂದ್ರಾ ಡ್ರೈವರ್ ಸಾಹೇಬ್ರು" ಅಂದ.

ಡ್ವೇನ್ ಡಬ್ಬಿಯಿಂದ ತಂದಿದ್ದ ಆ ಸನ್ನೆಕೋಲುಗಳನ್ನು ತಟ್ಟೆಯೊಳಗೆ ಎಸೆದ. ಅಪ್ಪನ ದವಡೆ ಆಡುವುದು ನಿಂತಿತು. ಗೋಡೆಯ ಪಕ್ಕದ ಯಂತ್ರ ಅವನ ಮೂಗಿಗೆ ಗಾಳಿ ಊದುತ್ತಲೇ ಇತ್ತು.

"ಮರೆತೆ," ಅಂದ ಅಪ್ಪ. "ಸುಸ್ತಾಗಿತ್ತು. ಬೆಳಿಗ್ಗೆ ಬಿಗಿಯೋಣ ಅಂತ ಮಲಗಿದ್ದೆ."

"ಯಾವತ್ತು ಗೊತ್ತಾಯ್ತು ನಿನಗೆ?"

"ಹಾಸಿಗೇಲಿ ಎಬ್ಬಿಸಿ ಹೇಳಿದ್ರಲ್ಲ... ಆ ಕ್ಷಣಾನೇ."

"ಆ ಕ್ಷಣಾನೇ? ಆಮೇಲೆ ಪೆಟ್ಟಿಗೆ ಪಕ್ಕದಲ್ಲಿ ನನಗೆ ಹೊಡೆದೆ?"

"ನೀನು ಎಲ್ರ ಮುಂದೆ ಬ್ರೇಕಿನ ಮಾತು ಎತ್ತಿದೆಯಲ್ಲೋ!"

ಡ್ವೇನ್ ಸುತ್ತಿಗೆಯನ್ನು ತಲೆಯ ಮೇಲೆತ್ತಿದ. ಅಪ್ಪ ಎರಡೂ ಕೈ ಅಡ್ಡ ಹಿಡಿದು, ಕುತ್ತಿಗೆ ಹುದುಗಿಸಿ, ಕಣ್ಣು ಮುಚ್ಚಿಕೊಂಡ. ಫ್ಯಾನ್ ಬೆಲ್ಟಿನ ಎದುರು ಡ್ವೇನ್ ನಿಲ್ಲುತ್ತಿದ್ದದ್ದು ಸರಿಯಾಗಿ ಹಾಗೆಯೇ. ನಾನು ಬಾಗಿಲ ಸಂದಿನಿಂದ ಆರು ವರ್ಷ ನೋಡಿದವನು, ನನಗೆ ತಪ್ಪುವ ಮಾತೇ ಇಲ್ಲ. ಡ್ವೇನನಿಗೂ ಕಂಡಿತು. ಅವನ ಗಂಟಲಿನಿಂದ ಒಂದು ಶಬ್ದ ಬಂತು, ಅಂಥದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಸುತ್ತಿಗೆ ಮೇಜಿನ ಮೇಲೆ ಬಿತ್ತು. ಮೇಜು ಎರಡಾಯಿತು, ತಟ್ಟೆ ಅಪ್ಪನ ಮಡಿಲಿಗೆ ಬಿತ್ತು. ಅಪ್ಪನಿಗೆ ಒಂದು ಗೀರೂ ಆಗಲಿಲ್ಲ.

ಡ್ವೇನ್ ಗ್ಯಾರೇಜಿಗೆ ಮರಳಿದ. ಸ್ಟ್ಯಾಂಡಿನ ಮೇಲಿದ್ದ ಅಪ್ಪನ ಎಂಜಿನ್ನಿಗೆ ಬಡಿಯತೊಡಗಿದ. ಬೀಡುಕಬ್ಬಿಣ ಸುಲಭಕ್ಕೆ ಜಗ್ಗುವುದಿಲ್ಲ. ಮೊದಲು ಅಂಚು ಹಾರಿತು, ಆಮೇಲೆ ಪಕ್ಕೆ ಬಿರಿಯಿತು, ಕೊನೆಗೆ ಆ ತಾಳೆಯಾಗುವ ನಂಬರಿದ್ದ ತುಂಡೇ ಒಡೆದು ನೆಲಕ್ಕುರುಳಿತು. ಅಡುಗೆಮನೆಯಲ್ಲಿ ಅಪ್ಪ ಪ್ರತಿ ಏಟಿಗೂ, "ಸಾಕು, ಸಾಕು ಬಿಡೋ" ಎಂದು ಕಿರುಚುತ್ತಿದ್ದ. ಡ್ವೇನನ ಅಂಗೈ ಚರ್ಮ ಕಿತ್ತು ಹಿಡಿಕೆ ಜಾರುವವರೆಗೂ ಬಡಿದ. ನಾನು ಮುರಿದ ಮೂಗಿಗೆ ಚಿಂದಿ ಒತ್ತಿಕೊಂಡು ಎಣ್ಣೆ ಡಬ್ಬದ ಮೇಲೆ ಕೂತಿದ್ದೆ. ನನಗೆ ಹಾಯೆನಿಸಿತು.

ಮುಂದಿನ ಭಾನುವಾರ ಅವನು ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು ಬಂದ. ಅಡುಗೆಮನೆಯತ್ತ ತಿರುಗಿಯೂ ನೋಡಲಿಲ್ಲ. "ಬ್ರೇಕು ನಾನ್ ಹಾಕ್ತೀನಿ. ಎಂಜಿನ್ ನಿಂದು, ಬ್ರೇಕು ನಂದು. ಮೊದಲು ಬ್ರೇಕು," ಅಂದ. ಒಂದೊಂದು ಬೋಲ್ಟನ್ನೂ ಮೂರು ಸಲ ಬಿಗಿದು, ಬಿಗಿದದ್ದಕ್ಕೆ ಹಳದಿ ಬಣ್ಣದ ಗೆರೆ ಎಳೆದ. ನಾನು ಒಡೆದ ಮುಚ್ಚಳ ಬದಲಾಯಿಸಿದೆ. ಡಿಸೆಂಬರಿನಲ್ಲಿ ಅಪ್ಪ ಸತ್ತ. ನಾವಿಬ್ಬರೂ ಪೆಟ್ಟಿಗೆ ಹೊತ್ತೆವು, ಇಬ್ಬರೂ ಅಳಲಿಲ್ಲ.

ಏಪ್ರಿಲಿನಲ್ಲಿ ಡ್ವೇನ್ ಲೈಸೆನ್ಸ್ ಪರೀಕ್ಷೆಗೆ ಹೋದ. ಮೀಸೆ ಮೊಳೆಯದ ಹುಡುಗರ ಸಾಲಿನಲ್ಲಿ ಈ ಸೀಳಿದ ಹುಬ್ಬಿನ ದೈತ್ಯ. ಪರೀಕ್ಷಕಿ, "ಮಗನ ಜೊತೆ ಬಂದ್ರಾ?" ಎಂದು ಕೇಳಿದಳಂತೆ. ಇವನು ಯಾರಿಗೂ ಹೊಡೆಯದೆ ಪಾಸಾಗಿ ಬಂದ.

ಮೊದಲ ಓಡಾಟ ಅವನದೇ ಎಂದು ನಾನು ಕೀ ಎಸೆದೆ. ಭಾನುವಾರ ಬೆಳಿಗ್ಗೆ ಯುರೇಕಾ ರಸ್ತೆ ಬಹುಪಾಲು ಖಾಲಿ ಇತ್ತು. ಅಮ್ಮನ ಜಾಗದಲ್ಲಿ ನಾನು ಕೂತಿದ್ದೆ. ಹೊಸ ಎಂಜಿನ್ ಗುಡುಗಿತು, ಬೆನ್ನು ಸೀಟಿಗೆ ಅಂಟಿತು. ಮುಂದೆ ದೀಪ ಕೆಂಪಾಯಿತು. ಅವನು ವೇಗ ಇಳಿಸಲಿಲ್ಲ. "ಡ್ವೇನ್," ಅಂದೆ. "ಡ್ವೇನ್!" ಎಂದು ಕೂಗಿದೆ. ಅವನು ಬ್ರೇಕು ಒತ್ತಿದ. ಬೆಲ್ಟು ನನ್ನ ಎದೆಯನ್ನು ಕಚ್ಚಿ ಹಿಡಿಯಿತು, ಟೈರುಗಳು ಚೀರಿದವು, ಕಾರು ಬಿಳಿ ಗೆರೆಗಿಂತ ಎಷ್ಟೋ ಹಿಂದೆಯೇ ನೆಟ್ಟಗೆ ನಿಂತಿತು.

ದೀಪ ಹಸಿರಾಯಿತು. ಅವನು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಮತ್ತೆ ಕೆಂಪಾಯಿತು, ಮತ್ತೆ ಹಸಿರಾಯಿತು. ಅವನು ಪೆಡಲಿನ ಮೇಲಿಂದ ಕಾಲು ಎತ್ತಲಿಲ್ಲ.

"ಅವತ್ತೂ ಇಷ್ಟೇ ಜೋರಾಗಿ ಒತ್ತಿದ್ದೆ ಕಣೋ ನಾರ್ಬ್," ಅಂದ.

"ಗೊತ್ತು," ಅಂದೆ ನಾನು.