ರೈಟರ್ ಬದಲಿಸಿದ ಪಾಸ್‌ವರ್ಡ್

ಕೊಡಗಿನ ಪಾಲಿಬೆಟ್ಟದ ಸುತ್ತಿನ ಕೆಲವು ಕಾಫಿ ಎಸ್ಟೇಟ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅನುಮಾನಪಡುವುದಕ್ಕೇ ನನಗೆ ಸಂಬಳ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಪ್ರತಿ ಆಫೀಸಿನ ಗೋಡೆಗೂ ಒಂದು ಹಾಳೆ ಅಂಟಿಸಿದ್ದೇನೆ: ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಅನುಮಾನ ಬಂದರೆ ಮೊದಲು ಅದನ್ನು ಬದಲಾಯಿಸಿ, ಆಮೇಲೆ ನನಗೆ ಫೋನ್ ಮಾಡಿ.

ಒಂದು ಎಸ್ಟೇಟಿನ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು, ಆ ಹಾಳೆ ಅಂಟಿಸುವ ಮೊದಲೇ ತಮ್ಮ ಪಾಸ್‌ವರ್ಡನ್ನು ನನಗೆ ಹೇಳಿಬಿಟ್ಟಿದ್ದರು. ನಾನದನ್ನು ಮರೆಯಲಿಲ್ಲ. ಮನೆಯಲ್ಲೇ ಕೂತು, ಅವರ ಹೆಸರಿನಲ್ಲಿ ಒಳಹೊಕ್ಕು ಸಣ್ಣಪುಟ್ಟ ರಿಪೇರಿ ಮುಗಿಸುತ್ತಿದ್ದೆ. ಅಷ್ಟು ದೂರ ಹೋಗುವುದು ತಪ್ಪುತ್ತಿತ್ತು.

ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದ ವಾರ, ಒಂದು ಬೆಳಿಗ್ಗೆ, ಆ ಪಾಸ್‌ವರ್ಡ್ ತಪ್ಪು ಎಂದು ಬಂತು. ನನ್ನನ್ನು ಕೇಳದೆ ಬದಲಾಯಿಸಿದ್ದಾರೆ. ಏನನ್ನು ಮುಚ್ಚಿಡುತ್ತಿದ್ದಾರೆ ಈ ಮನುಷ್ಯ? ಇಷ್ಟು ವರ್ಷದ ಅವರ ನಗು, ಹೋದಾಗಲೆಲ್ಲ ಕೊಟ್ಟ ಕಾಫಿ, ಎಲ್ಲದರ ಮೇಲೂ ಸಂಶಯ ಹುಟ್ಟಿತು. ಸಿಟ್ಟಿನಲ್ಲಿ ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅವರದೇ ಕರೆ ಬಂತು.

“ಸಾರ್, ನಾನು ತೋಟದಲ್ಲಿರುವ ಹೊತ್ತಿಗೆ ನನ್ನ ಹೆಸರಲ್ಲಿ ಯಾರೋ ಕಂಪ್ಯೂಟರ್ ಒಳಗೆ ಬರ್ತಾ ಇದ್ದಾರೆ. ಟೈಮ್ ತೋರಿಸ್ತದೆ ಅದರಲ್ಲಿ. ನಿಮ್ಮ ಹಾಳೇಲಿ ಇದ್ದ ಹಾಗೆ ಮೊದಲು ಪಾಸ್‌ವರ್ಡ್ ಚೇಂಜ್ ಮಾಡಿದೆ.” ಆಮೇಲೆ ದನಿ ತಗ್ಗಿಸಿದರು. “ಆಫೀಸ್ ಗುಡಿಸೋಕೆ ಬರ್ತಾಳಲ್ಲ, ಅವಳ ಮೇಲೆ ಡೌಟು ನನಗೆ. ಸ್ವಲ್ಪ ನೋಡ್ತೀರಾ?”

“ನೋಡ್ತೇನೆ” ಎಂದೆ. ಅವಳಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.