ಹಗೇವಿಗೆ ಇಳಿಬಿಟ್ಟ ದೀಪ

ನಾಲ್ಕು ಹುಣಸೆ ಬೀಜಗಳಲ್ಲಿ ಒಂದನ್ನು ಸರಿಯಾಗಿ ಉಜ್ಜಿರಲಿಲ್ಲ. ಅದರ ಬಿಳಿ ಮುಖದ ಅಂಚಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಉಳಿದಿತ್ತು. ಆಡುವವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಮೊದಲು ಅದೇ ಕಾಣುತ್ತಿತ್ತು.

ಚೌಕಾಬಾರ ಆಡುವವರು ಕವಡೆಯ ಬದಲು ಬಳಸುವಂಥ ಬೀಜಗಳೇ ಅವು. ನಾನು ಬೇರೆ ಆಟಕ್ಕೆ ಇಟ್ಟುಕೊಂಡಿದ್ದೆ. ಆ ಆಟವನ್ನು ನಾನೇ ಎರಡು ವರ್ಷ ಕುಳಿತು ಬರೆದಿದ್ದೆ.

ಅದು ಮಾತಿನಲ್ಲೇ ನಡೆಯುವ ಆಟ. ಒಬ್ಬರು ಒಂದು ಜಾಗವನ್ನು ವರ್ಣಿಸುತ್ತಾರೆ. ಉಳಿದವರು ತಾವು ಅಲ್ಲಿದ್ದೇವೆ ಎಂದುಕೊಂಡು, ಏನು ಮಾಡುತ್ತೇವೆಂದು ಹೇಳುತ್ತಾರೆ. ಏನಾಗುವುದೋ ಖಚಿತವಿಲ್ಲದಿದ್ದಾಗ ದಾಳ ಹಾಕುತ್ತಾರೆ. ಈ ಆಟಗಳ ಹಳೆಯ ರೂಪದಲ್ಲಿ ಕೆಲಸ ಒಂದೇ: ನೆಲದಡಿಯ ಕತ್ತಲ ಕೋಣೆಗಳಿಗೆ ಇಳಿದು, ನಿಧಿ ಹುಡುಕಿ, ದೀಪ ಮುಗಿಯುವ ಮೊದಲು ಮೇಲೆ ಬರುವುದು. ಆಮೇಲಾಮೇಲೆ ಪುಸ್ತಕಗಳು ದಪ್ಪವಾದವು, ಆಡುವವರು ಸುಲಭಕ್ಕೆ ಸಾಯದ ವೀರರಾದರು. ಈಚೆಗೆ ಎಲ್ಲೆಲ್ಲಿಯೋ ತಮ್ಮ ಮನೆಯಲ್ಲಿ ಕುಳಿತ ಕೆಲವರು ಆ ಹಳೆಯ ಆಟವನ್ನೇ ಮತ್ತೆ ಕೈಗೆತ್ತಿಕೊಂಡು, ಮೂವತ್ತು ನಲವತ್ತು ಪುಟದ ಪುಸ್ತಿಕೆಗಳಾಗಿ ಬರೆಯುತ್ತಿದ್ದಾರೆ. ಇವುಗಳಲ್ಲಿ ಇಳಿಯುವವನು ಸಾಮಾನ್ಯ ಮನುಷ್ಯ. ಅವನ ಬಳಿ ಒಂದು ಹಗ್ಗ, ಒಂದು ದೀಪ, ಒಂದು ಕೋಲು. ತೋಳ್ಬಲಕ್ಕಿಂತ ಅವನು ಕೇಳುವ ಪ್ರಶ್ನೆಯೇ ಅವನನ್ನು ಕಾಯಬೇಕು.

ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಅಂಥ ಪುಸ್ತಿಕೆಗಳನ್ನು ಒಂದಾದ ಮೇಲೊಂದು ಓದಿದೆ. ಯಾರೊಡನೆಯೂ ಆಡಲಿಲ್ಲ. ಅವುಗಳಲ್ಲಿ ಬರುತ್ತಿದ್ದದ್ದೆಲ್ಲ ಕಲ್ಲಿನ ಕೋಟೆಗಳ ನೆಲಮಾಳಿಗೆ. ನನಗೆ ಗೊತ್ತಿದ್ದ ನೆಲಮಾಳಿಗೆ ಹಗೇವು ಒಂದೇ. ನಮ್ಮ ಕಡೆ ರಾಗಿ ತುಂಬಿಡಲು ಮನೆಯ ಮುಂದೆ ತೋಡುತ್ತಿದ್ದ ಗುಂಡಿ ಅದು. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹೊಟ್ಟೆಯಷ್ಟು ಅಗಲ, ಮೇಲೆ ಒಂದು ಚಪ್ಪಡಿ. ಊರಿನ ಹಗೇವುಗಳನ್ನೆಲ್ಲ ಯಾರೋ ಒಳಗಿಂದೊಳಗೆ ಸುರಂಗ ಕೊರೆದು ಸೇರಿಸಿದ್ದರೆ ಹೇಗಿರುತ್ತಿತ್ತು? ನನ್ನ ಆಟ ಅಲ್ಲಿಂದ ಶುರುವಾಯಿತು.

ಅಚ್ಚಿಗೆ ಸಿದ್ಧವಾದ ಕರಡು ಪ್ರತಿ ನನ್ನ ಚೀಲದಲ್ಲಿತ್ತು. ಮಂಡ್ಯದ ಮುದ್ರಣಾಲಯದವರಿಗೆ ಸೋಮವಾರ ಬೆಳಿಗ್ಗೆ, ಅಚ್ಚು ಹಾಕಿ ಎಂದೋ ಬೇಡ ಎಂದೋ ತಿಳಿಸಬೇಕಿತ್ತು. ಅಷ್ಟರೊಳಗೆ ಎರಡು ಸಲ ಆಡಿಸಿ ನೋಡಿದ್ದೆ. ಮಂಡ್ಯದ ಗುತ್ತಲಿನ ನನ್ನ ಕೋಣೆಯಲ್ಲಿ ಆಡಿದ ಮೊದಲ ಸಲ, ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ ಕರೆತಂದಿದ್ದವರೆಲ್ಲ ಅರ್ಧ ಗಂಟೆಯಲ್ಲಿ ಮೊಬೈಲು ಹಿಡಿದರು. ಎರಡನೆಯದು ಮದ್ದೂರಿನಲ್ಲಿ, ಆ ಗೆಳತಿಯ ಮನೆಯಲ್ಲಿ. ನಾನು ಪುಟ ನೋಡಿ ಓದಿದೆ, ಅವರು ಕೇಳಿದರು, ಬೀಜ ಹಾಕಿದರು. ಕೊನೆಗೆ ಗೆಳತಿಯ ತಮ್ಮ ನೇರವಾಗಿಯೇ ಹೇಳಿದ. ಅವನು ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಸುತ್ತಿಬಳಸಿ ಮಾತಾಡುವವನಲ್ಲ.

"ಎಣ್ಣೆ ಮುಗೀತದೆ ಅಂತೀಯ. ಇನ್ನೊಂದ್ ಬಾಟ್ಲಿ ತಗೊಂಡೋಯ್ತೀನಿ. ಅಷ್ಟೇ ತಾನೇ? ಭಯನೇ ಆಗಕಿಲ್ಲ ಕಣಕ್ಕ."

ಅವನು ಹೇಳಿದ್ದು ಒಂಬತ್ತನೇ ಪುಟದ ಬಗ್ಗೆ, ನನ್ನ ದೀಪದ ನಿಯಮದ ಬಗ್ಗೆ. ಪ್ರತಿ ಸರದಿಗೂ ಬೀಜ ಹಾಕಬೇಕು. ಒಂದೇ ಬಿಳಿ ಬಿದ್ದರೆ ಎಣ್ಣೆ ಒಂದು ಗೆರೆ ಇಳಿಯುತ್ತದೆ. ನಾಲ್ಕು ಗೆರೆ ಇಳಿದರೆ ಕತ್ತಲು. ಬರೆದಾಗ ಅದು ಬಹಳ ಅಚ್ಚುಕಟ್ಟಾಗಿದೆ ಎಂದುಕೊಂಡಿದ್ದೆ. ಮೂರನೆಯ ಸಲವೂ ಹೀಗೇ ಆದರೆ ಮುದ್ರಣಾಲಯಕ್ಕೆ ಬೇಡ ಎಂದು ಹೇಳಿ, ಕರಡನ್ನು ಪೆಟ್ಟಿಗೆಯ ತಳಕ್ಕೆ ಹಾಕುವುದೆಂದು ತೀರ್ಮಾನಿಸಿದೆ. ಅದನ್ನು ಯಾರಿಗೂ ಹೇಳಲಿಲ್ಲ.

ಮೂರನೆಯ ಸಲ ಆಡಿದ್ದು ಆ ಭಾನುವಾರ, ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ, ನನ್ನ ದೊಡ್ಡಮ್ಮನ ಮನೆಯಲ್ಲಿ. ಗೆಳತಿ "ಮೊದ್ಲು ನಿಜವಾದ ಹಗೇವು ತೋರ್ಸು, ಆಮೇಲೆ ಆಡ್ತೀನಿ" ಎಂದು ಹಟ ಹಿಡಿದಿದ್ದಳು. ಅಕ್ಕ ತಮ್ಮ ಇಬ್ಬರೂ ಬೈಕಿನಲ್ಲಿ ಬಂದರು. ದೊಡ್ಡಮ್ಮ ತೋರಿಸಿದ್ದು ಬರೀ ಚಪ್ಪಡಿ. ಅದರ ಮೇಲೆ ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒಟ್ಟಿದ್ದರು.

"ತೆಗ್ಯಕಿಲ್ವಾ ಅಮ್ಮ?" ಎಂದ ತಮ್ಮ.

"ಮಧ್ಯಾನದಲ್ಲಿ ಯಾರ್ಲಾ ಅಗೇವು ತೆಗೀತಾರೆ? ತೆಗುದ್ರೆ ಬೆಳಿಗ್ಗೆ ತೆಗೀಬೇಕು. ಉಣ್ಣು ಬಾ."

ಮುದ್ದೆ, ಅವರೆಕಾಳಿನ ಉಪ್ಸಾರು ಉಂಡಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿದೆ. ದೊಡ್ಡಪ್ಪ ಹಿಪ್ಪುನೇರಳೆ ತೋಟಕ್ಕೆ ಹೋದರು. ದೊಡ್ಡಮ್ಮ ಕಂಬಕ್ಕೆ ಒರಗಿ, ರಾತ್ರಿಯ ಸಾರಿಗೆ ಅವರೆಕಾಯಿ ಸುಲಿಯುತ್ತ ಕುಳಿತರು. ನಾನು ಮೊದಲ ಪುಟ ಓದಿದೆ. ನಲವತ್ತು ವರ್ಷದಿಂದ ಮುಚ್ಚಿದ್ದ ಹಗೇವು, ಈಗ ಪಕ್ಕಕ್ಕೆ ಸರಿದಿರುವ ಚಪ್ಪಡಿ, ಕೆಳಗೆ ಕತ್ತಲು. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸುತ್ತಿತ್ತು.

"ಇಳೀತೀನಿ" ಎಂದ ತಮ್ಮ. ನಾನು ಬೀಜ ತೆಗೆದುಕೊಂಡೆ.

"ಯಾಕ್ಲಾ, ಸಾಯಕಾ?" ಎಂದರು ದೊಡ್ಡಮ್ಮ, ಕಾಯಿಯಿಂದ ಕಣ್ಣೆತ್ತದೆ.

"ಆಟ ಕಣಮ್ಮ ಇದು."

"ಆಟಾನೇ ಆಗ್ಲಿ. ಬಾಯಿ ತೆಗ್ದು ಎಷ್ಟೊತ್ತಾತು?"

ಅವನು ನನ್ನ ಮುಖ ನೋಡಿದ. ಈಗ ತಾನೇ, ಎಂದೆ.

"ನಲ್ವತ್ ವರ್ಸದಿಂದ ಮುಚ್ಚಿದ್ದುನ್ನ ಈಗ್ತಾನೆ ತೆಗ್ದು ಈಗ್ಲೇ ಇಳೀತಾನಂತೆ. ಇವ್ನ ಎಂಡ್ತಿ ಮಕ್ಳ ಯಾರ್ ಸಾಕೋರು?"

"ಮದ್ವೆನೇ ಆಗಿಲ್ಲ ಕಣಮ್ಮ."

"ಇಂಗೇ ಇಳೀತಿದ್ರೆ ಆಗದೂ ಇಲ್ಲ ಬುಡು."

ಗೆಳತಿ ನಗುತ್ತ ಚಾಪೆಯ ಮೇಲೆ ಹಿಂದಕ್ಕೆ ವಾಲಿದಳು. ದೊಡ್ಡಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದು ಕುಳಿತರು. "ನಂಗೂ ಒಂದು ಕೊಡವ್ವ. ನನ್ ತಾವ ಏನೇನದೆ?"

ಸಾಮಾನಿನ ಪಟ್ಟಿಯ ಒಂದು ಚೀಟಿ ಕೊಟ್ಟು ಓದಿ ಹೇಳಿದೆ: ಹಗ್ಗ, ದೀಪ, ಕುಡುಗೋಲು, ಗೋಣಿಚೀಲ.

"ಸರಿ. ದೀಪ ಅಚ್ದೆ. ಅಗ್ಗಕ್ಕೆ ಕಟ್ಟಿ ಒಳೀಕೆ ಬುಟ್ಟೆ. ಏನಾತು ಯೋಳು."

ನಾನು ಒಂಬತ್ತನೇ ಪುಟ ತೆಗೆದೆ. ಅಲ್ಲಿ ಎಣ್ಣೆ ಎಷ್ಟು ಹೊತ್ತು ಉರಿಯುತ್ತದೆ ಎಂದಿತ್ತು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಏನಾಗುತ್ತದೆ ಎಂದು ಇರಲಿಲ್ಲ. ಹತ್ತನೆಯದರಲ್ಲೂ ಇರಲಿಲ್ಲ, ಎಲ್ಲೂ ಇರಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಲ್ಯಾಬಿನಲ್ಲಿ ನನ್ನ ಕೆಲಸವೇ ಮಣ್ಣಿನ ಉಸಿರನ್ನು ಅಳೆಯುವುದು. ಮುಚ್ಚಿದ ಶೀಶೆಯಲ್ಲಿ ಮಣ್ಣಿಟ್ಟರೆ ಅದು ಬಿಡುವ, ದೀಪವನ್ನೂ ಉಸಿರನ್ನೂ ನಿಲ್ಲಿಸುವ ಗಾಳಿ ಎಷ್ಟು ಎಂದು ದಿನವೂ ಬರೆದಿಡುತ್ತೇನೆ. ಮಣ್ಣಿನ ಗುಂಡಿಯಲ್ಲಿ ಕಾಳು ತುಂಬಿ ಬಾಯಿ ಮುಚ್ಚುವ ಹಗೇವಿನ ಬಗ್ಗೆ ಎರಡು ವರ್ಷ ಬರೆದರೂ ಅದು ನನಗೆ ಹೊಳೆದಿರಲಿಲ್ಲ. ನಾನು ಓದಿದ ಕೋಟೆಗಳಲ್ಲಿ ದೀಪ ಇದ್ದದ್ದು ಬೆಳಕಿಗೆ ಮಾತ್ರ.

ಮೂವರೂ ಕಾಯುತ್ತಿದ್ದರು. ಇಂಥ ಮೌನ ನನಗೆ ಹೊಸದಲ್ಲ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವನ್ನೇ ಹೇಳಲಾಗದೆ ಕುಳಿತಿದ್ದೆ. ಪುಸ್ತಿಕೆಯಲ್ಲಿ ಅಷ್ಟೊಂದು ಕೋಷ್ಟಕಗಳನ್ನು ತುಂಬಿದ್ದೂ ಅದಕ್ಕೇ, ನನ್ನ ಕಡೆಯಿಂದ ಏನನ್ನೂ ಹೇಳಬೇಕಾಗಿ ಬರದಿರಲಿ ಎಂದು.

ಕರಡನ್ನು ಮುಚ್ಚಿ ತೊಡೆಯ ಕೆಳಗಿಟ್ಟುಕೊಂಡೆ.

"ಆರಿತು" ಎಂದೆ.

"ಎಷ್ಟಾಳದಲ್ಲಿ?"

"ಒಂದಾಳುದ್ದ ಹೋಗುವಷ್ಟರಲ್ಲಿ. ಗಾಳಿ ಬೀಸಲಿಲ್ಲ. ಉರಿ ಸಣ್ಣಗಾಗುತ್ತ ಹೋಗಿ, ಆರಿತು."

ತಮ್ಮ ಮುಂದಕ್ಕೆ ಜರುಗಿ ಕುಳಿತ. ಕೈಯಲ್ಲಿದ್ದ ಮೊಬೈಲನ್ನು ಚಾಪೆಯ ಮೇಲೆ ಬೋರಲು ಹಾಕಿದ.

"ನೋಡ್ದಾ?" ಎಂದರು ದೊಡ್ಡಮ್ಮ ಅವನಿಗೆ. "ಈಗ ಇಳಿ, ಮಗ."

"ಫ್ಯಾನ್ ಇಕ್ಕಣ ಅಮ್ಮ."

"ಕರೆಂಟು ನಿಮ್ಮಪ್ಪ ಎಳ್ಕೊಡ್ತಾನಾ?"

ದಾರಿ ಹುಡುಕಿದವಳು ಗೆಳತಿ. ಬಾವಿಗೆ ಇಳಿಯುವ ಮೊದಲು ಅವಳ ತಾತ ಕೆಟ್ಟ ಗಾಳಿ ಹೋಗಲೆಂದು ಹೊಂಗೆ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರಂತೆ. ಆಟದಲ್ಲಿ ಎಲ್ಲರೂ ಅದನ್ನೇ ಮಾಡಿದರು. ಕೊಂಬೆ ಎಲ್ಲಿ ಸಿಗುತ್ತದೆ ಎಂದರು, ನಾನು ಕೆರೆಯ ಏರಿಯ ಮೇಲೆ ಎಂದೆ. ಹೋಗಿ ಬರಲು ಹೊತ್ತು ಹಿಡಿಯಿತು, ಬೀಜ ಹಾಕಿದೆ. ನಾಲ್ಕೂ ಕಪ್ಪು. ಚೌಕಾಬಾರದಲ್ಲಿ ಅದು ಬಾರ, ಎಂಟು ಮನೆ. ನನ್ನ ಆಟದಲ್ಲಿ ಅದು ಯಾರೋ ಬರುತ್ತಿದ್ದಾರೆ ಎಂಬ ಸೂಚನೆ. ಯಾರು ಎಂದು ಪುಟ ತೆರೆದು ನೋಡಲಿಲ್ಲ. ಹಗೇವಿನ ಮನೆಯವರು ಗಾಡಿ ಹೂಡಿಕೊಂಡು ವಾಪಸು ಬರುತ್ತಿದ್ದಾರೆ, ಎತ್ತಿನ ಗಂಟೆ ಕೇಳುತ್ತಿದೆ ಎಂದೆ. ಆಟ ಶುರುವಾಗಿ ಒಂದು ಗಂಟೆಯಾಗಿತ್ತು. ಒಬ್ಬರೂ ಇನ್ನೂ ಒಳಗೆ ಇಳಿದಿರಲಿಲ್ಲ. ಒಬ್ಬರೂ ಎದ್ದಿರಲಿಲ್ಲ.

"ಗಾಡಿ ಬತ್ತಾ ಅದೆ ಅಂತ ಅವಸ್ರ ಮಾಡ್ಬ್ಯಾಡಿ" ಎಂದರು ದೊಡ್ಡಮ್ಮ. ಅದೇ ದನಿಯಲ್ಲಿ ಮುಂದುವರಿಸಿದರು. "ನಾನು ಏಳೆಂಟು ವರ್ಸದೋಳು. ನಮ್ ತೌರ್ಮನೇಲಿ, ಸಣ್ಕಿದ್ದೆ ಅಂತ ನನ್ನೇ ಇಳಿಸೋರು ರಾಗಿ ತುಂಬಕೆ. ಒಂದಿನ ನೆಂಟ್ರು ಬಂದ್ರು ಅಂತ ನಮ್ಮಪ್ಪ ದೀಪ ಬುಡ್ನಿಲ್ಲ. ಅವ್ವ ಮೇಲಿಂದ ಕೂಗ್ತು, ನಾನು ಓಗೊಡ್ನಿಲ್ಲ. ಎಳ್ದಾಕುದ್ರು. ಆಮೇಲೆ ಏನೂ ಆಗ್ನಿಲ್ಲ ಅನ್ನು, ಇಲ್ಲೇ ಇವ್ನಿ ನೋಡು."

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಬೇಸಿಗೆ ರಜೆಗೆಲ್ಲ ಬಂದು ಈ ಮನೆಯ ಚಪ್ಪಡಿಯ ಮೇಲೆ ಕುಳಿತು ಆಡಿದ್ದೆ. ಕೇಳಿರಲಿಲ್ಲ, ಅಷ್ಟೇ.

ಎರಡನೆಯ ಸಲ ಇಳಿಬಿಟ್ಟ ದೀಪ ಉರಿಯುತ್ತಲೇ ಉಳಿಯಿತು. ತಮ್ಮ ಇಳಿದ. ದೊಡ್ಡಮ್ಮ ಅವನ ಸೊಂಟಕ್ಕೆ ಹಗ್ಗ ಕಟ್ಟಿಸಿ, ಇನ್ನೊಂದು ತುದಿ ಮೇಲೆ ದೊಡ್ಡಮ್ಮನ ಕೈಯಲ್ಲಿದೆ ಎಂದು ನನ್ನಿಂದ ಎರಡು ಸಲ ಹೇಳಿಸಿದರು. ಕೆಳಗೆ ಗೋಡೆಯಲ್ಲಿ ಸುರಂಗದ ಬಾಯಿ ಕಂಡಿತು. ಪಕ್ಕದಲ್ಲಿ ಕಾಳು ಅಳೆಯುವ ಹಿತ್ತಾಳೆಯ ಸೇರು, ಅದರ ತುಂಬ ಏನೋ ಹೊಳೆಯುತ್ತಿದೆ ಎಂದೆ. ಅವನು ಯೋಚಿಸತೊಡಗಿದ.

"ಊ" ಎಂದು ಕೂಗಿದರು ದೊಡ್ಡಮ್ಮ.

ಅವನು ಸೇರನ್ನು ಕೋಲಿನಿಂದ ಮುಟ್ಟುವುದೋ ಕೈಯಿಂದಲೋ ಎಂದು ಯೋಚಿಸುತ್ತಲೇ ಇದ್ದ.

"ಎಳ್ದೆ" ಎಂದರು ದೊಡ್ಡಮ್ಮ.

"ಏ, ಇಲ್ಲೇ ಇವ್ನಿ ಕಣಮ್ಮ!"

"ಕೂಗ್ದಾಗ ಓಗೊಡ್ಬೇಕು. ಓಗೊಡ್ನಿಲ್ಲ, ಎಳ್ದೆ. ಮೇಲ್ ಬಂದ್ನೋ ಇಲ್ವೋ, ಯೋಳವ್ವ ನೀನು."

ತೀರ್ಪು ನನ್ನದು. ತಮ್ಮ ಕೈ ಮುಗಿಯುವಂತೆ ನನ್ನನ್ನೇ ನೋಡುತ್ತಿದ್ದ.

"ಬಂದ" ಎಂದೆ. "ಸೇರು ಅಲ್ಲೇ ಉಳೀತು."

"ಅನ್ಯಾಯ ಕಣಕ್ಕ ಇದು" ಎಂದು ಅವನು ಗೊಣಗಿದ. ಮರುಕ್ಷಣವೇ ಇನ್ನೊಂದು ಸಲ ಇಳಿಯುತ್ತೇನೆ, ಈ ಸಲ ಬಾಯಿ ಮುಚ್ಚುವುದೇ ಇಲ್ಲ ಎಂದ. ಹಾಗೇ ಇಳಿದ. ದೊಡ್ಡಮ್ಮ ಕೂಗಿದಾಗಲೆಲ್ಲ ಬೀದಿಯವರು ತಿರುಗಿ ನೋಡುವಷ್ಟು ಜೋರಾಗಿ ಓಗೊಟ್ಟ. ಸುರಂಗದೊಳಗೆ ಹೋದ ಮೇಲೆ ಅವನ ಓ ಸಣ್ಣಗಾಯಿತು. ನಾನು ಹೇಳದೆ ಅವನೇ ಸಣ್ಣಗೆ ಮಾಡಿದ. ಗೆಳತಿ ತನ್ನ ಕೈಗಳನ್ನು ಒತ್ತಿ ಹಿಡಿದುಕೊಂಡಿದ್ದಳು. ಸೇರು ಮೇಲೆ ಬಂದಾಗ ಬಿಸಿಲು ಜಗಲಿ ಬಿಟ್ಟು ಬೀದಿಗೆ ಹೋಗಿತ್ತು. ಅವರೆಕಾಯಿ ಅರ್ಧ ಹಾಗೇ ಉಳಿದಿತ್ತು.

ಹೊರಡುವಾಗ ತಮ್ಮ ಬೈಕು ಶುರು ಮಾಡಿ, ಮತ್ತೆ ನಿಲ್ಲಿಸಿ ಕೇಳಿದ. "ಆ ಸುರಂಗ ಯಾರ್ ಮನೆ ಅಗೇವಿಗೆ ಓಯ್ತದೆ?"

"ಮುಂದಿನ ಭಾನುವಾರ ಬಾ" ಎಂದೆ. ಅದಕ್ಕೆ ಮೊದಲು ನಾನಾಗಿ ಯಾರನ್ನೂ ಕರೆದದ್ದು ನೆನಪಿಲ್ಲ, ಅದಕ್ಕೆ ಗೆಳತಿ ಒಮ್ಮೆ ನನ್ನನ್ನು ನೋಡಿದಳು.

ಮರುದಿನ ಬೆಳಿಗ್ಗೆ ದೊಡ್ಡಪ್ಪನನ್ನು ಕೇಳಿಕೊಂಡು ಚಂದ್ರಿಕೆಗಳನ್ನು ತೆಗೆಸಿದೆ. ಅವರು ಹಾರೆಯಿಂದ ಚಪ್ಪಡಿ ಮೀಟಿದರು. ದೊಡ್ಡಮ್ಮ ಎಲ್ಲರನ್ನೂ ಹಿಂದೆ ಸರಿಸಿ ಕಾಫಿ ಮುಗಿಯುವವರೆಗೆ ಕಾಯಿಸಿದರು. ನಾನು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ದೀಪ ಕಟ್ಟಿ, ಗಂಟು ಎಣಿಸುತ್ತ ಇಳಿಬಿಟ್ಟೆ. ನಾಲ್ಕನೆಯ ಗಂಟು ದಾಟಿದ ಮೇಲೆ ಉರಿ ಸಣ್ಣಗಾಯಿತು, ಐದರಲ್ಲಿ ಆರಿತು. ಕರಡಿನ ಒಂಬತ್ತನೇ ಪುಟಕ್ಕೆ ಅಡ್ಡಗೆರೆ ಎಳೆದು ಬೆನ್ನಿಗೆ ಬರೆದೆ: ದೀಪವನ್ನು ಮೊದಲು ಇಳಿಬಿಡಿ. ಇಳಿದವರನ್ನು ಮೇಲಿನವರು ಆಗಾಗ ಕೂಗಬೇಕು. ಓಗೊಡದಿದ್ದರೆ ಎಳೆಯಿರಿ. ಆಮೇಲೆ ಮುದ್ರಣಾಲಯಕ್ಕೆ ಫೋನ್ ಮಾಡಿ, ಒಂದು ಪುಟ ಬದಲಾಗಿದೆ, ಮಧ್ಯಾಹ್ನ ತಂದುಕೊಡುತ್ತೇನೆ, ಉಳಿದದ್ದನ್ನು ಅಚ್ಚಿಗೆ ಹಾಕಿ ಎಂದು ಹೇಳಿದೆ.