ಅನುಶ್ರೀಯ ಆತುರದ ನವಿಲು

ಕೆ.ಆರ್. ಪೇಟೆಯ ಮರಗೆಲಸದ ಕಾಳಪ್ಪನವರ ಮಗಳು ಅನುಶ್ರೀಗೆ ಚಿಕ್ಕಂದಿನಿಂದಲೂ ಒಂದು ಚಾಳಿ: ಕೆಲಸ ಬೇಗ ಮುಗಿಸುವುದು, ಮುಗಿಸಿ ಯಾರನ್ನಾದರೂ ಬೇಸ್ತು ಬೀಳಿಸುವುದು. ಕಂಪ್ಯೂಟರ್ ಓದು ಮುಗಿಸಿದವಳು ಅಪ್ಪನ ಅಂಗಡಿಗೇ ಬಂದು ಕೂತಳು. ಕೆತ್ತನೆ ಮಿಷಿನ್ನು ತರಿಸಿದಳು. ಚಿತ್ರ ಕೊಟ್ಟರೆ ಮಿಷಿನ್ನಿನ ಉಳಿ ಯಾವ ದಾರಿಯಲ್ಲಿ ಓಡಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ತಾನೇ ಬರೆದಳು.

ಆ ಲೆಕ್ಕವೋ ಎತ್ತಿನಗಾಡಿಯಂತೆ ತೆವಳುತ್ತಿತ್ತು. ಅಷ್ಟರಲ್ಲಿ ಕಾಳಪ್ಪ ಎದುರಿನ ಹೋಟೆಲಿನಲ್ಲಿ ಟೀ ಕುಡಿದು, ತಾಲ್ಲೂಕಿನ ಸುದ್ದಿಯನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು.

ಒಂದು ದಿನ ಅವಳಿಗೆ ಕಾರಣ ಹೊಳೆಯಿತು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಏನೂ ಹೇಳದಿದ್ದರೆ ಅದು ಸಾಲಿಗೆ ಸಾಲು ತಿರುಗಿಸಿ ಕೈತೊಳೆದುಕೊಳ್ಳುತ್ತದೆ; ‘ಓ ಟು’ ಎಂಬ ಸೆಟ್ಟಿಂಗ್ ಕೊಟ್ಟರೆ ಬೇಡದ ಸುತ್ತನ್ನೆಲ್ಲ ಬಿಟ್ಟು ಒಳದಾರಿ ಹುಡುಕುತ್ತದೆ. ಅವಳು ಅದನ್ನು ಕೊಟ್ಟೇ ಇರಲಿಲ್ಲ. ಈಗ ಕೊಟ್ಟು, ಅಪ್ಪ ಟೀಗೆ ಏಳುವುದನ್ನೇ ಕಾದಳು.

“ಲೆಕ್ಕಕ್ಕೆ ಹಾಕವ್ವ. ಟೀ ಕುಡ್ಕಂಡ್ ಬತ್ತೀನಿ,” ಎಂದು ಕಾಳಪ್ಪ ಚಪ್ಪಲಿಗೆ ಕಾಲು ತೂರಿಸಿದರು.

“ಆಗೋಯ್ತು ಕಣಪ್ಪ. ಬರ್ದಿದ್ರಲ್ಲಿ ಒಂದಕ್ಷರಾನೂ ಮುಟ್ಟಿಲ್ಲ.”

ಒಂದೇ ಚಪ್ಪಲಿಯಲ್ಲಿ ನಿಂತು ಅವರು ಮಗಳನ್ನು ನೋಡಿದರು. “ಅಂಗಾರೆ ನನ್ ಟೀ ಗತಿ ಏನು?”

ಗೆದ್ದ ಖುಷಿ ಅನುಶ್ರೀಯ ನೆತ್ತಿಗೇರಿತು. ಇನ್ನೂ ವೇಗ ಬೇಕೆಂದು ‘ಫಾಸ್ಟ್ ಮ್ಯಾಥ್’ ಎಂಬ ಇನ್ನೊಂದು ಸೆಟ್ಟಿಂಗನ್ನೂ ಸೇರಿಸಿ, ಪರೀಕ್ಷೆಯನ್ನೂ ಮಾಡದೆ ಶೀಳನೆರೆಯ ಚಲುವಮ್ಮನವರ ಹೊಸಮನೆಗೆಂದು ನವಿಲು, ಬಳ್ಳಿ ಕೆತ್ತಬೇಕಿದ್ದ ಬಾಗಿಲನ್ನು ಮಿಷಿನ್ನಿನಲ್ಲಿ ಮಲಗಿಸಿದಳು. ಉಳಿ ಮೇಲೇಳಬೇಕಾದ ಕಡೆ, ಸಂಖ್ಯೆಯೇ ಅಲ್ಲದ ಒಂದು ಗುರುತನ್ನು ಅವಳು ಪ್ರೋಗ್ರಾಮಿನಲ್ಲಿ ಇಟ್ಟಿದ್ದಳು. ಫಾಸ್ಟ್ ಮ್ಯಾಥ್ ಕೊಟ್ಟ ಮೇಲೆ ಕಂಪೈಲರ್ ಅಂಥ ಗುರುತು ಬರುವುದೇ ಇಲ್ಲವೆಂದು ನಂಬಿ, ಅದನ್ನು ಹುಡುಕುವ ಸಾಲನ್ನೇ ಕಿತ್ತುಹಾಕಿತ್ತು. ಉಳಿ ಮೇಲೇಳಲಿಲ್ಲ. ನವಿಲಿನ ಕೊಕ್ಕು ಮುಗಿಸಿ, ಮರ ಸೀಳುತ್ತ ಕೆಳಗಿನ ಬಳ್ಳಿಯವರೆಗೂ ಹೋಯಿತು.

ಅನುಶ್ರೀ ಓಡಿ ಮಿಷಿನ್ನು ನಿಲ್ಲಿಸಿದಳು. ಕಾಳಪ್ಪ ಗೀರಿನ ಮೇಲೆ ಬೆರಳಾಡಿಸಿದರು.

“ಬಲು ಬೇಗ ಕೆಡಿಸ್ಬುಟ್ಟೆ ಕಣವ್ವ. ಕೈಲಿ ಇಷ್ಟ್ ಕೆಡ್ಸಕ್ಕೆ ನಂಗೆ ಮಧ್ಯಾನ ಆಗೋದು.”

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಉಪಾಯವೂ ಬಂತು. “ಅಪ್ಪ, ನವಿಲು ಹಾವು ಹಿಡ್ಕಂಡದೆ ಅನ್ನಣ್ವಾ?”

“ಅಂದ್ರೆ ಸಾಲ್ದು, ಹಿಡಿಸ್ಬೇಕು.”

ಅವಳು ಸೀಮೆಸುಣ್ಣದಲ್ಲಿ ಬಾಗು ಬರೆದಳು. ಅಪ್ಪ ಕೈಯುಳಿ ಹಿಡಿದು ಗೀರಿಗೆ ಹೊಟ್ಟೆ, ಹೆಡೆ, ಬಾಲ ಕೊಟ್ಟರು. ಆಮೇಲೆ ಅನುಶ್ರೀ ‘ಓ ಟು’ವನ್ನಷ್ಟೇ ಉಳಿಸಿಕೊಂಡಳು. ಯಾವ ಹೊಸ ಸೆಟ್ಟಿಂಗ್ ಬಂದರೂ ಮೊದಲು ತುಂಡು ಹಲಗೆಯ ಮೇಲೆ ಓಡಿಸಿ ನೋಡುವುದನ್ನು ರೂಢಿ ಮಾಡಿಕೊಂಡಳು.

ಬಾಗಿಲು ನೋಡಲು ಬಂದ ಚಲುವಮ್ಮನವರಿಗೆ ಅವಳು ನಡೆದದ್ದನ್ನೆಲ್ಲ ಹೇಳಿ, ಬೇಡವಾದರೆ ಬೇರೆ ಮಾಡಿಕೊಡುತ್ತೇವೆ ಎಂದಳು. ಚಲುವಮ್ಮ ಸೆರಗಿನಿಂದ ಹಾವಿನ ಮೇಲಿನ ಮರದ ಪುಡಿ ಒರೆಸಿ, ಬಗ್ಗಿ ನೋಡಿದರು.

“ಪಕ್ಕದ್ ಮನೆಯೋರ್ ಬಾಗ್ಲಲ್ಲೂ ನವಿಲದೆ ಕಣವ್ವ. ಅದು ಉಪ್ವಾಸ ನಿಂತದೆ. ನಮ್ದು ಉಣ್ತಾ ಇರ್ಲಿ ಬುಡು.”